ತೊಟ್ಟಿಗೆ ಬಂದ ಬಸವನಹುಳು

ನಿಟ್ಟೂರಿನ ಅಕ್ಕನ ಮನೆಯ ಹಸು ಗೊರಕೆ ಹೊಡೆಯತೊಡಗಿದಾಗ ಮೊದಲು ಎಲ್ಲರೂ ನಕ್ಕಿದ್ದರು. 'ನಿನ್ ಗಂಡನ್ನೇ ಮೀರಿಸ್ತದೆ ಕಣೇ ಇದು' ಎಂದು ಪಕ್ಕದ ಮನೆ ಅಜ್ಜಿ ಅಕ್ಕನನ್ನು ಛೇಡಿಸಿದ್ದರು. ನಾನು ತುಮಕೂರಿನಿಂದ ಹೋಗಿ ನೋಡುವ ಹೊತ್ತಿಗೆ ನಗು ನಿಂತಿತ್ತು. ಹಸು ಕತ್ತು ನೀಡಿ ಬಾಯಲ್ಲೇ ಉಸಿರಾಡುತ್ತಿತ್ತು. ಅದು ದಿನ ತುಂಬಿದ ಗಬ್ಬದ ಹಸು.

ಆ ಹಸುವನ್ನು ಕಡಸಾಗಿದ್ದಾಗ ಕೊಟ್ಟವಳು ಕುಣಿಗಲ್ ಕಡೆಯ ನಮ್ಮೂರಿನಲ್ಲಿರುವ ಅಮ್ಮ. ಕೊಟ್ಟ ದನ ಹೊಸ ಮನೆಗೆ ಒಗ್ಗಬೇಕಾದರೆ ಹಳೆಯ ನೀರೂ ಜೊತೆಗೆ ಹೋಗಬೇಕೆಂದು ನಮ್ಮ ಮನೆಯಲ್ಲಿ ನಂಬಿಕೆ. ಊರ ಕೆರೆಯ ನೀರನ್ನು ಪಾಚಿ ಸಮೇತ ಕ್ಯಾನಿನಲ್ಲಿ ತಂದು, ಅಕ್ಕನ ಮನೆಯ ದನ ನೀರು ಕುಡಿಯುವ ತೊಟ್ಟಿಗೆ ಅಮ್ಮನೇ ಸುರಿದಿದ್ದಳು.

ಪಶುವೈದ್ಯರು ಮೂಗಿನೊಳಗೆ ಟಾರ್ಚ್ ಬಿಟ್ಟರು. ಹೂಕೋಸಿನಂಥ ಗಡ್ಡೆ. ಆಮೇಲೆ ತೊಟ್ಟಿಯ ಗೋಡೆಯಿಂದ ಚಕ್ಕುಲಿಯಂತೆ ಸುತ್ತಿಕೊಂಡ ಪುಟ್ಟ ಕಂದು ಬಸವನಹುಳುವೊಂದನ್ನು ಕಿತ್ತು ತೋರಿಸಿದರು.

'ಹಸು ಸೀನಿದ್ರೆ ಈ ಗೊರಕೆ ರೋಗದ ಹುಳದ ಮೊಟ್ಟೆ ನೀರಿಗೆ ಬೀಳ್ತವೆ. ಅದರ ಮರಿ ಇದರೊಳಗೆ ಬೆಳೆದು, ಹೊರಗ್ ಬಂದು, ದನದ ಚರ್ಮ ಕೊರ್ಕೊಂಡು ಹೋಗ್ತವೆ.'

'ತೊಟ್ಟಿ ಉಜ್ಜಿ ಒಣಗಿಸ್ತೀನಿ ಬುಡಿ ಸಾರ್' ಎಂದಳು ಅಕ್ಕ.

'ಕೆಸರಲ್ಲಿ ಹೂತ್ಕೊಂಡು ಬದುಕ್ತದಮ್ಮ. ಒಂದೇ ಉಳಿದ್ರೂ ಸಾಕು. ಗಂಡೂ ಅದೇ, ಹೆಣ್ಣೂ ಅದೇ.'

ಇದನ್ನು ನಾನು ಬಿಎಸ್ಸಿಯಲ್ಲಿ ಓದಿದ್ದೆ. ಈಗ ತೊಟ್ಟಿ ತುಂಬಿ ಚೆಲ್ಲಿದ ನೀರು ಹಿಡಿದ ದಾರಿಯುದ್ದಕ್ಕೂ ಕಣ್ಣು ಹಾಯಿಸಿದೆ. ಕಾಲುವೆಯುದ್ದಕ್ಕೂ ಕೆಸುವಿನ ದಂಟುಗಳಿಗೆ ಬಸವನಹುಳುವಿನ ಲೋಳೆಯಂಥ ಮೊಟ್ಟೆಗಳು ಅಂಟಿದ್ದವು. ಕಾಲುವೆಯ ಕೊನೆಗೆ ಪಕ್ಕದ ಮನೆ ಅಜ್ಜಿಯ ಎಮ್ಮೆಗಳು ಮೀಯುವ ಹೊಂಡ.

ಇಂಜೆಕ್ಷನ್ ಆಯಿತು. ಗಡ್ಡೆ ಕರಗಲು ದಿನಗಳು ಬೇಕು ಎಂದರು ವೈದ್ಯರು.

'ಅಷ್ಟ್ರಲ್ಲಿ ಕರು ಹಾಕ್ಬುಟ್ರೆ?' ಎಂದಳು ಅಕ್ಕ.

ನೋವು ಕಾಣಿಸಿದ ಕೂಡಲೇ ಕರೆಯಿರಿ ಎಂದು ವೈದ್ಯರು ತಮ್ಮ ಫೋನ್ ನಂಬರ್ ಬರೆದುಕೊಟ್ಟರು.

ಮಾರನೆಯ ಬೆಳಿಗ್ಗೆಯೇ ಹೆರಿಗೆ ನೋವು ಶುರುವಾಯಿತು. ತಿಣುಕಬೇಕಾದರೆ ಉಸಿರು ಕಟ್ಟಬೇಕು. ಕಟ್ಟಲು ಅದರ ಬಳಿ ಉಸಿರೇ ಇರಲಿಲ್ಲ. ನಾಲಿಗೆ ನೀಲಿಯಾಯಿತು. ಅಕ್ಕ ಬಟ್ಟೆಯಿಂದ ಮೂಗಿನ ರಕ್ತ, ಸಿಂಬಳ ಬಳಿದು ತೆಗೆಯುತ್ತಾ, 'ಉಸ್ರು ತಗೊಳ್ಳೇ, ನನ್ ತಾಯಿ, ತಗೊಳ್ಳೇ' ಎನ್ನುತ್ತಿದ್ದಳು. ವೈದ್ಯರು ಕರುವಿನ ಕಾಲಿಗೆ ಹಗ್ಗ ಹಾಕಿದರು. ನಾನೂ ಭಾವನೂ ಎಳೆದೆವು. ಒಂದು ಗಳಿಗೆ ಆ ಗೊರಕೆ ಪೂರ್ತಿ ನಿಂತುಹೋಯಿತು. ನನ್ನ ತಲೆಯಲ್ಲಿ ಮತ್ತೆ ಮತ್ತೆ ತಿರುಗುವುದು ಆ ನಿಶ್ಶಬ್ದವೇ.

ಕರು ಜಾರಿ ಹುಲ್ಲಿನ ಮೇಲೆ ಬಿದ್ದು ತಲೆ ಕೊಡವಿತು. ಹಸು ಕಣ್ಣು ತೆರೆಯಿತು. ಕರುವನ್ನು ಒಮ್ಮೆ ನೆಕ್ಕಿ, ತಡೆದು, ಬಾಯಗಲಿಸಿ ಉಸಿರೆಳೆದುಕೊಂಡಿತು. ಮತ್ತೊಮ್ಮೆ ನೆಕ್ಕಿತು.