ಮುಚ್ಚಳ ಬಿಚ್ಚದ ಟಾರ್ಚಿನ ಬೆಳಕು

ಓದುಗರ ಮುಂದೆ ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಅವರನ್ನು ಅರ್ಧಕ್ಕೇ ತಡೆಯುತ್ತಿದ್ದೆ. ಸೇಡಂನಲ್ಲಿ ಕಾಲೇಜು ಓದುವಾಗ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವನು ನಾನು. ಎದುರಾಳಿಯ ವಾದದಲ್ಲಿ ಸಡಿಲವಾದ ಜಾಗ ಎಲ್ಲಿದೆಯೆಂದು ಹುಡುಕುವುದೇ ಅಲ್ಲಿ ಕಲಿತ ವಿದ್ಯೆ. ಕಣ್ಣಾರೆ ಕಂಡಿರಾ, ನಿಮ್ಮ ಹೊರತು ಬೇರೆ ಯಾರು ಕಂಡರು, ಆಗ ನಿಮ್ಮ ಮನಸ್ಸು ಸ್ಥಿಮಿತದಲ್ಲಿತ್ತೇ ಎಂಬ ಮೂರು ಪ್ರಶ್ನೆಗಳಿಂದ ಎಷ್ಟೋ ದೆವ್ವಗಳನ್ನು ಓಡಿಸಿದ್ದೇನೆಂಬ ಹೆಮ್ಮೆ ನನಗಿತ್ತು. ಇಂದು ಅದೇ ಪ್ರಶ್ನೆಗಳನ್ನು ನನಗೇ ಹಾಕಿಕೊಂಡು, ಸಮಾಧಾನವಾಗದೆ, ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಶಹಾಬಾದ ಮತ್ತು ವಾಡಿಯ ನಡುವಿನ ಒಂದು ಸಣ್ಣ ಊರಿನಲ್ಲಿ ಹೆಂಗಸರಿಗಾಗಿ ಸಂಜೆಯ ಅಕ್ಷರ ತರಗತಿ ನಡೆಸುತ್ತಿದ್ದೆ. ಚಿತ್ತಾಪುರದಿಂದ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಆ ಊರಿನ ಅರ್ಧ ಜನ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೆಲಸದವರು, ಇನ್ನರ್ಧ ಸಿಮೆಂಟಿನ ಕೆಲಸದವರು. ತರಗತಿ ನಡೆಯುತ್ತಿದ್ದದ್ದು ಹುಸೇನಬಿ ಎಂಬ ವಿಧವೆಯ ಮನೆಯ ಪಡಸಾಲೆಯಲ್ಲಿ. ಅರವತ್ತು ದಾಟಿದ ಅವರನ್ನು ಜಾತಿಮತದ ಭೇದವಿಲ್ಲದೆ ಊರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎಂದೇ ಕರೆಯುತ್ತಿತ್ತು. ಅವರ ಗಂಡ ಸಿಮೆಂಟಿನ ಚೀಲ ತುಂಬುವ ಕಡೆ ಹಮಾಲಿ ಮಾಡುತ್ತಿದ್ದು, ತೀರಿಕೊಂಡು ಆರು ವರ್ಷವಾಗಿತ್ತು. ಖಾಲಾ ಪಡಸಾಲೆ ಕೊಟ್ಟು ಸುಮ್ಮನಿರಲಿಲ್ಲ. ತಾವೂ ಪಾಟಿ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತರು. ನಾನು ತಪ್ಪು ಬರೆದರೆ ಮೊದಲು ಹಿಡಿಯುತ್ತಿದ್ದವರು ಅವರೇ.

ಊರಿನ ಪಕ್ಕದಲ್ಲಿ ಕೆಲಸ ನಿಂತ ಒಂದು ಹಳೆಯ ಕಲ್ಲಿನ ಖಣಿ. ನಾಲ್ಕಾಳು ಆಳದ ತಗ್ಗು. ಮಳೆಗಾಲದಲ್ಲಿ ಅದರ ತುಂಬ ನೀರು. ಅದರ ದಂಡೆಯ ಮೇಲೆ ಒಂದು ಕಾಲುದಾರಿ. ಆಚೆ ಕಡೆಯ ಫರ್ಸಿ ಪಾಲಿಶ್ ಕಾರ್ಖಾನೆಯಿಂದ ಊರಿಗೆ ಬರುವವರಿಗೆ ಲಾರಿ ರಸ್ತೆಗಿಂತ ಅದು ಅರ್ಧ ತಾಸು ಹತ್ತಿರ. ಆದರೂ ದೀಪ ಹಚ್ಚುವ ಹೊತ್ತಾದ ಮೇಲೆ ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ. ಅಲ್ಲಿ ಏನೋ ಇದೆ ಎಂಬುದು ಊರಿನ ನಂಬಿಕೆ. ಒಂದು ಸಂಜೆ ನಾನು ಪಾಠ ಬಿಟ್ಟು ಇದೇ ವಿಷಯದ ಮೇಲೆ ಮಾತಾಡಿದೆ. ಭಯವೆಂಬುದು ಹೆಂಗಸರ ಹೊತ್ತನ್ನು ಹೇಗೆ ಕದಿಯುತ್ತದೆಂದು ವಿವರಿಸಿದೆ. ಖಾಲಾ ಮಾತ್ರ ತಲೆಯಾಡಿಸಿದರು. “ಅಲ್ಲಿ ಏನದ ಅಂತ ನನಗ ಗೊತ್ತಿಲ್ಲ ಮಾಸ್ತರ್. ಖರೇ ಹಿರ್ಯಾರು ಸುಮ್ನ ಅಂದಿರಂಗಿಲ್ಲ.” ನಾನು ನಕ್ಕು, ಸ್ಪರ್ಧೆಯ ವೇದಿಕೆಯ ಮೇಲಿದ್ದಂತೆ ಆ ಮಾತನ್ನು ಖಂಡಿಸಿದೆ. ಹೆಂಗಸರು ಚಪ್ಪಾಳೆ ತಟ್ಟಿದರು.

ಹೆಚ್ಚು ಉತ್ಸಾಹದಿಂದ ತಟ್ಟಿದವಳು ಶಾಂತಮ್ಮ. ಅದಕ್ಕೆ ನಾಲ್ಕು ವರ್ಷ ಮೊದಲು ಚಿಂಚೋಳಿ ಕಡೆಯ ಕೊಡ್ಲಿಯಿಂದ ಮದುವೆಯಾಗಿ ಬಂದವಳು. ಹೊಲ ಬಲ್ಲವಳು, ಖಣಿ ಅರಿಯದವಳು. ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ತರಗತಿಗೆ ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. “ಹಂಗಾದ್ರ ನಾಳಿಂದ ನಾ ಖಣಿ ದಾರಿನೇ ಹಿಡಿತೀನ್ರಿ ಮಾಸ್ತರ್” ಎಂದಳು. ನಾನು ಅವಳ ಧೈರ್ಯವನ್ನು ಎಲ್ಲರೆದುರು ಹೊಗಳಿದೆ. ಆ ಹೊಗಳಿಕೆಯ ಒಂದೊಂದು ಶಬ್ದವೂ ಇವತ್ತಿಗೂ ನನಗೆ ನೆನಪಿದೆ.

ಒಂದು ವಾರ ಅವಳು ಹೊತ್ತಿಗೆ ಸರಿಯಾಗಿ ಬಂದಳು. ಎಂಟನೆಯ ದಿನ ಮಧ್ಯಾಹ್ನದಿಂದಲೇ ಮಳೆ ಹಿಡಿಯಿತು. ಕರೆಂಟು ಹೋಯಿತು. ಸಂಜೆ ತರಗತಿಗೆ ಬಂದವರು ಮೂವರೇ; ಅವರನ್ನೂ ಮನೆಗೆ ಕಳಿಸಿದೆ. ಅಷ್ಟರಲ್ಲಿ ಶಾಂತಮ್ಮನ ಗಂಡ ಶಿವರಾಯ ನೆನೆದು ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತ. “ಶಾಂತಿ ಇಲ್ಲಿ ಬಂದಾಳೇನ್ರಿ? ಕಾರ್ಖಾನಿ ಬಿಟ್ಟು ತಾಸಿನ ಮ್ಯಾಲಾತಂತ. ಫೋನ್ ಹತ್ತವಲ್ದು.” ಅವಳು ಯಾವ ದಾರಿ ಹಿಡಿದಿರುತ್ತಾಳೆಂದು ಅವನಿಗೂ ಖಾಲಾಗೂ ನನಗೂ ಗೊತ್ತಿತ್ತು.

ಶಿವರಾಯ, ನಾನು, ಇನ್ನು ನಾಲ್ಕೈದು ಜನ ಖಣಿಯ ಊರಿನ ಕಡೆಯ ದಂಡೆಗೆ ಓಡಿದೆವು. ಮೊಬೈಲಿನ ಬೆಳಕು ಹತ್ತು ಹೆಜ್ಜೆಯಾಚೆ ಮಳೆಯಲ್ಲೇ ಕರಗಿಹೋಗುತ್ತಿತ್ತು. ಕೂಗಿದರೆ ನಮ್ಮ ದನಿ ನಮಗೇ ಕೇಳಿಸದಷ್ಟು ಮಳೆಯ ಸದ್ದು. ಮುಂದಿದ್ದವನ ಕಾಲಡಿಯ ಫರ್ಸಿ ಜಾರಿ ನೀರಿಗೆ ಬಿದ್ದಾಗ ನಾವೆಲ್ಲ ಹಿಂದೆ ಸರಿದೆವು. ದೂರಕ್ಕೆ ಬೀಳುವ ಬೆಳಕಿಲ್ಲದೆ ಆ ದಂಡೆಯ ಮೇಲೆ ಹೆಜ್ಜೆಯಿಡುವಂತಿರಲಿಲ್ಲ.

ಅಂಥ ಬೆಳಕು ತಮ್ಮಲ್ಲಿದೆಯೆಂದು ಹೇಳಿದವರು ಖಾಲಾ. ನಾವು ಮರಳಿ ಬರುವಷ್ಟರಲ್ಲಿ ಅವರು ಟ್ರಂಕಿನ ತಳದಿಂದ ಗಂಡನ ಟಾರ್ಚನ್ನು ತೆಗೆದಿಟ್ಟಿದ್ದರು. ಮೂರು ಸೆಲ್ಲಿನ, ಮೊಳದುದ್ದದ ಸ್ಟೀಲಿನ ಟಾರ್ಚು. ಗುಂಡಿ ಒತ್ತಿದೆ; ಹತ್ತಲಿಲ್ಲ. ಹೊಸ ಸೆಲ್ಲು ಹಾಕೋಣವೆಂದರೆ ಹಿಂದಿನ ಮುಚ್ಚಳ ಅಲುಗಾಡಲಿಲ್ಲ. ಚೀಲ ತುಂಬುವಲ್ಲಿ ಹಾರುವ ಸಿಮೆಂಟಿನ ಪುಡಿ ಅದರ ತಿರುಪಿನ ಸುತ್ತುಗಳೊಳಗೆ ವರ್ಷಗಟ್ಟಲೆ ಸೇರಿಕೊಂಡಿತ್ತು. ಗಂಡ ಸತ್ತ ವಾರದಲ್ಲಿ, ಅವನ ಸಾಮಾನು ಸ್ವಚ್ಛ ಮಾಡಿಡಬೇಕೆಂದು, ಖಾಲಾ ಅದನ್ನು ಬಟ್ಟೆಯ ಜೊತೆ ನೀರಿನಲ್ಲಿ ತೊಳೆದಿದ್ದರು. ಪುಡಿ ನೀರು ಕುಡಿದು ಕಲ್ಲಾಗಿತ್ತು. ಸಿಮೆಂಟಿನ ಊರಿನಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಶಿವರಾಯ ಇಕ್ಕಳ ಹಾಕಿ ತಿರುವಿದ. ಸ್ಟೀಲಿನ ಮೇಲೆ ಗೀರು ಬಿದ್ದವೇ ಹೊರತು ಮುಚ್ಚಳ ಕದಲಲಿಲ್ಲ. ಒಬ್ಬ ಸುತ್ತಿಗೆ ಎತ್ತಿದ. ಖಾಲಾ ಅವನ ಕೈ ಹಿಡಿದರು.

“ಬಡದ್ರ ಒಡಿತದ, ಬಿಚ್ಚಂಗಿಲ್ಲ. ಇದಕ್ಕ ಹುಳಿ ಕುಡಿಸಬೇಕು. ನೀವು ಇದನ್ನ ನೋಡ್ಕೋತ ಕುಂದ್ರಬ್ಯಾಡ್ರಿ, ಲಾರಿ ರಸ್ತಾ ಹಿಡ್ದು ಕಾರ್ಖಾನಿ ಕಡಿಂದ ಹೋಗ್ರಿ. ಮಾಸ್ತರ್, ನೀವು ನನಗ ಬೆಳಕ ಹಿಡೀರಿ.”

ಆ ಹೊತ್ತಿನಲ್ಲಿ ನಿರ್ಧಾರ ಮಾಡಬಲ್ಲವರು ನಮ್ಮೊಳಗೆ ಅವರೊಬ್ಬರೇ ಇದ್ದರು. ಹೇಳಿದಂತೆ ಎಲ್ಲರೂ ಹಗ್ಗ ತೆಗೆದುಕೊಂಡು ಲಾರಿ ರಸ್ತೆಗೆ ಹೋದರು. ಖಾಲಾ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ, ಆ ಗಟ್ಟಿ ರಸವನ್ನು ಚರಗಿಗೆ ಹಾಕಿ, ಟಾರ್ಚಿನ ಮುಚ್ಚಳದ ತುದಿಯನ್ನು ಅದರಲ್ಲಿ ಮುಳುಗಿಸಿ ನಿಲ್ಲಿಸಿದರು. ಆಗಾಗ ಎತ್ತಿ, ಸೂಜಿಯಿಂದ ಸಂದಿಯನ್ನು ಕೆದಕಿ, ಮತ್ತೆ ಮುಳುಗಿಸುತ್ತಿದ್ದರು. ನಾನು ಮೊಬೈಲಿನ ದೀಪವನ್ನು ಆ ಚರಗಿಯ ಮೇಲೆ ಹಿಡಿದು ಕುಳಿತಿದ್ದೆ. ಒಂದು ತಾಸಿನ ಮೇಲಾಯಿತು. ಆ ಟಾರ್ಚಿನಿಂದ ನನ್ನ ಕಣ್ಣು ಕದಲಲಿಲ್ಲ. ಅದು ಒಮ್ಮೆಯೂ ಹತ್ತಲಿಲ್ಲ. ಇದನ್ನು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಲ್ಲೆ.

ನಡುವೆ ನನಗೆ ತಡೆಯಲಾಗಲಿಲ್ಲ. ಅವಳನ್ನು ಆ ದಾರಿಗೆ ಕಳಿಸಿದವನು ನಾನೇ ಎಂದೆ. ಖಾಲಾ ಸೂಜಿಯಿಂದ ತಲೆಯೆತ್ತಲಿಲ್ಲ. “ನಿಮ್ಮ ಮಾತು ಅರ್ಧ ಖರೇ ಇತ್ತು ಮಾಸ್ತರ್. ದೆವ್ವ ಇಲ್ಲ ಅಂದ್ರಿ, ಸರಿ ಅದ. ತಗ್ಗು ಅದ ಅಂತ ಹೇಳೋದು ಮರ್ತ್ರಿ.” ಮೂರು ವರ್ಷದ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಯಾರೂ ಹೀಗೆ ಎರಡು ವಾಕ್ಯದಲ್ಲಿ ಸೋಲಿಸಿರಲಿಲ್ಲ. ಸೋಲಿಸಿದ ಮೇಲೂ ಅವರ ದನಿಯಲ್ಲಿ ಗೆದ್ದ ಭಾವವಿರಲಿಲ್ಲ.

ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ. ಹೊರಗೆ ಜನರ ಸದ್ದು ಕೇಳಿಸಿತು. ಶಾಂತಮ್ಮನನ್ನು ಶಿವರಾಯ ಬೆನ್ನ ಮೇಲೆ ಹೊತ್ತು ತಂದಿದ್ದ. ಕಾಲು ಉಳುಕಿತ್ತು, ಬೇರೆ ಏನೂ ಆಗಿರಲಿಲ್ಲ. ಅವಳು ದಂಡೆಯ ನಟ್ಟನಡುವೆ ಒಂದು ಬಂಡೆಗೆ ಆತುಕೊಂಡು ಕುಳಿತಿದ್ದಳಂತೆ. ಮುಂದಿನ ದಾರಿ ಪೂರ್ತಿ ಅಗಲಕ್ಕೆ ಕುಸಿದು ನೀರಿಗಿಳಿದಿತ್ತು. ಅವಳು ಕುಳಿತ ಜಾಗಕ್ಕೂ ಆ ಕುಸಿತಕ್ಕೂ ಎರಡೇ ಹೆಜ್ಜೆಯ ಅಂತರವೆಂಬುದನ್ನು ಮರುದಿನ ಮುಂಜಾನೆ ನಾನೇ ಹೋಗಿ ನೋಡಿದೆ.

ಖಾಲಾ ಕೊಟ್ಟ ಚಹಾ ಕುಡಿದ ಮೇಲೆ ಶಾಂತಮ್ಮ ನನ್ನ ಕಡೆ ತಿರುಗಿದಳು. “ನೀವು ಊರ ಕಡಿಂದ ಬ್ಯಾಟರಿ ಹಾಕದಿದ್ರ ನಾ ಹೋಗೇಬಿಡ್ತಿದ್ದೆ ನೋಡ್ರಿ” ಎಂದಳು. ನಮ್ಮ ಕಡೆ ಮಾತಿನಲ್ಲಿ ಟಾರ್ಚೆಂದರೆ ಬ್ಯಾಟರಿ. ಯಾವ ಬ್ಯಾಟರಿ ಎಂದು ಕೇಳಿದೆ. “ಮಳಿ ಇಳಿಲಿ ಅಂತ ಕಾದು ತಡಾ ಮಾಡಿ ಹೊಂಟಿದ್ದೆ. ಆಗ ಊರ ಕಡಿ ದಂಡಿ ಮ್ಯಾಲಿಂದ ಹಾಕಿದ್ರಲ್ರಿ. ನನ್ನ ಮಾರಿ ಮ್ಯಾಲ ಅಲ್ಲ, ಕಾಲ ಮುಂದ. ನೋಡಿದ್ರ ಮುಂದ ದಾರಿನೇ ಇಲ್ಲ! ಅಲ್ಲೇ ಕುಂತೆ. ಇವರು ಹಿಂದಿಂದ ಬರೋತನಕ ಆ ಬೆಳಕ ಅಲ್ಲೇ ಇತ್ತು. ದುಂಡಗ ಬೆಳಕ, ನಡುವ ಬೈತಲಿ ತೆಗದಂಗ ಒಂದು ಕರಿ ಗೆರಿ.”

ಯಾರೂ ಟಾರ್ಚು ಹಾಕಿರಲಿಲ್ಲವೆಂದು ನಾನು ಆಗ ಹೇಳಲಿಲ್ಲ. ಅವಳು ಹೆದರಬಾರದೆಂಬ ಕಾರಣಕ್ಕೆ ಎಂದು ಅಂದುಕೊಂಡೆ. ನಾನೇ ಹೆದರಿದ್ದೆ ಎಂಬುದು ಹೆಚ್ಚು ನಿಜ. ಆದರೆ ವಾದಿಯ ಅಭ್ಯಾಸ ಬಿಡಲಿಲ್ಲ. ಮನೆಗೆ ಹೊರಡುವ ಮೊದಲು ಅವಳ ಮಾತನ್ನು ಇದ್ದದ್ದಿದ್ದಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮರುದಿನ ಊರಿನ ಮನೆಮನೆ ತಿರುಗಿ ಕೇಳಿದೆ. ನಾವು ಮರಳಿದ ಮೇಲೆ ಊರ ಕಡೆಯ ದಂಡೆಗೆ ಯಾರೂ ಹೋಗಿರಲಿಲ್ಲ. ಕಾರ್ಖಾನೆಯ ಕಡೆಯಿಂದ ಹೋದವರು ಯಾವ ಬೆಳಕನ್ನೂ ಕಂಡಿರಲಿಲ್ಲ. ಅಲ್ಲಿಗೆ ಗಾಡಿ ಹೋಗುವ ದಾರಿಯಿಲ್ಲ. ಮಿಂಚಿರಬಹುದೇ? ಮಿಂಚು ಅಷ್ಟು ಹೊತ್ತು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಭಯದಲ್ಲಿ ಕಂಡ ಭ್ರಮೆಯೇ? ಅದನ್ನೇ ನಂಬಿ ಎರಡು ದಿನ ನೆಮ್ಮದಿಯಾಗಿದ್ದೆ.

ಮೂರನೆಯ ದಿನ ಸಂಜೆ ತರಗತಿಯ ನಡುವೆ ಖಾಲಾ “ಬಂತು!” ಎಂದರು. ಬಿಡದೆ ಹುಳಿ ಹಾಕಿ, ಕೆದಕಿ, ಕಾದು, ಇಕ್ಕಳವಿಲ್ಲದೆ ಬರಿಗೈಯಿಂದ ಮುಚ್ಚಳ ತಿರುಗಿಸಿದ್ದರು. ಹೆಂಗಸರೆಲ್ಲ ಸುತ್ತ ನೆರೆದರು. ಒಳಗಿನ ಸೆಲ್ಲುಗಳು ಊದಿ, ಒಡೆದು, ಬಿಳಿ ಉಪ್ಪುಗಟ್ಟಿ ಕೊಳವೆಗೇ ಅಂಟಿಕೊಂಡಿದ್ದವು. ಅವುಗಳಿಂದ ಹುಲ್ಲುಕಡ್ಡಿಯಷ್ಟು ಬೆಳಕೂ ಬರುವಂತಿರಲಿಲ್ಲ. ಖಾಲಾ ಅವನ್ನು ಕೆರೆದು ತೆಗೆದು, ಸ್ಪ್ರಿಂಗನ್ನು ಉಜ್ಜಿ, ನಾನು ಶಹಾಬಾದದಿಂದ ತಂದಿದ್ದ ಹೊಸ ಸೆಲ್ಲು ಹಾಕಿ, ಮುಂದಿನ ಮಬ್ಬು ಗಾಜನ್ನು ಸೆರಗಿನಿಂದ ಒರೆಸಿ, ಎದುರಿನ ಗೋಡೆಯ ಮೇಲೆ ಬಿಟ್ಟರು.

ಗೋಡೆಯ ಮೇಲೆ ದುಂಡಗೆ ಬೆಳಕು ಬಿತ್ತು. ಅದರ ನಡುವೆ ಮೇಲಿನಿಂದ ಕೆಳಗೆ ಒಂದು ಕಪ್ಪು ಗೆರೆ.

ಗಾಜಿನ ಒಳಮೈಗೆ ಸಿಮೆಂಟಿನ ಒಂದು ಎಳೆ ಇಳಿದು ಗಟ್ಟಿಯಾಗಿತ್ತು. ಅದರ ನೆರಳು ಅದು. ಶಾಂತಮ್ಮ ಕುಂಟುತ್ತ ಎದ್ದು ಹೋಗಿ, ಆ ಗೆರೆಯ ಮೇಲೆ ಬೆರಳಿಟ್ಟು “ಇದೇ ರೀ” ಎಂದಳು. ನಾನು ನೋಟ್‌ಬುಕ್ಕು ತೆರೆದೆ. ನನ್ನದೇ ಅಕ್ಷರ. ಬೈತಲಿ ತೆಗದಂಗ. ಅವಳು ಈ ಊರಿಗೆ ಬರುವ ಎರಡು ವರ್ಷ ಮೊದಲೇ ಆ ಟಾರ್ಚು ಟ್ರಂಕು ಸೇರಿತ್ತು. ಅದು ಉರಿದದ್ದನ್ನು ಅವಳು ಕಂಡಿರುವುದು ಸಾಧ್ಯವೇ ಇರಲಿಲ್ಲ.

ಸುದ್ದಿ ಹರಡಲು ತಡವಾಗಲಿಲ್ಲ. ವಾಡಿಯಿಂದ, ಮಳಖೇಡದಿಂದ ಕೂಡ ಜನ ಬಂದರು. ಒಬ್ಬರು ಹೂವು ತಂದರು, ಒಬ್ಬರು ಊದುಬತ್ತಿ, ಮತ್ತೊಬ್ಬರು ಹೊದಿಸಲು ಹಸಿರು ಬಟ್ಟೆ. ಇಂಥ ಕಡೆ ಮೂಢನಂಬಿಕೆ ಬೇರು ಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ತಡೆಯಲು ಭಾಷಣವನ್ನೂ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಖಾಲಾ ಬಾಗಿಲಲ್ಲೇ ನಿಂತು ಎಲ್ಲರನ್ನೂ ಬೈದು ಕಳಿಸಿದರು. “ಇದು ಬ್ಯಾಟರಿ ಅದಪಾ, ದರ್ಗಾ ಅಲ್ಲ. ಹೂವು ತರೋದು ಬಿಟ್ಟು ಸೆಲ್ಲು ತರ್ರಿ, ಕೆಲಸಕ್ಕರೆ ಬರ್ತದ!” ವಿವೇಕವನ್ನು ಕಲಿಸಲು ಆ ಮನೆಗೆ ಹೋದವನು ನಾನು. ಅದು ಅಲ್ಲಿ ಮೊದಲೇ ಇತ್ತು, ನನ್ನಲ್ಲಿದ್ದುದಕ್ಕಿಂತ ಹೆಚ್ಚಾಗಿ.

ಆಮೇಲೆ ಆಗಬೇಕಾದ ಕೆಲಸಗಳಾದವು. ಹೆಂಗಸರೇ ಅರ್ಜಿ ಬರೆದು, ತಾವೇ ಸಹಿ ಮಾಡಿ, ಪಂಚಾಯತಿಗೆ ಹತ್ತು ಸಲ ತಿರುಗಿ ಖಣಿಗೆ ಬೇಲಿ ಹಾಕಿಸಿದರು. ಕಾಲುದಾರಿಯನ್ನು ದಂಡೆಯಿಂದ ದೂರಕ್ಕೆ ಸರಿಸಲಾಯಿತು. ನಾನೀಗ ಯಾವ ಊರಿಗೆ ಹೋದರೂ, ದೆವ್ವವಿಲ್ಲ ಎನ್ನುವ ಮೊದಲು ತಗ್ಗು ಎಲ್ಲಿದೆ ಎಂದು ಕೇಳುತ್ತೇನೆ. ಆ ಬೆಳಕಿನ ಬಗ್ಗೆ ಯಾರಾದರೂ ಕೇಳಿದರೆ, ಶಾಂತಮ್ಮ ಕಂಡದ್ದು ನಿಜ, ಅದೇನೆಂದು ನನಗೆ ಗೊತ್ತಿಲ್ಲ ಎನ್ನುತ್ತೇನೆ. ಆ ಎರಡನೆಯ ಮಾತನ್ನು ನಾಲಿಗೆಗೆ ರೂಢಿ ಮಾಡಿಸಲು ನನಗೆ ಬಹಳ ದಿನ ಹಿಡಿಯಿತು.

ಖಾಲಾ ಮಾತ್ರ ಅಂದಿನಿಂದ ಮಳೆಯ ಸಂಜೆಗಳಲ್ಲಿ ಆ ಟಾರ್ಚು ಹಿಡಿದು ಕಾಲುದಾರಿಯ ಊರ ಕಡೆಯ ತುದಿಗೆ ಹೋಗಿ ನಿಲ್ಲತೊಡಗಿದರು. ಹಿಂದೆ ಹಮಾಲರು ಪಾಳಿ ಮುಗಿಸಿ ಬರುವಾಗ ದಾರಿಯ ಕೆಟ್ಟ ಜಾಗವನ್ನು ಮೊದಲು ದಾಟಿದವನು ತಿರುಗಿ ನಿಂತು, ಹಿಂದಿನವರೆಲ್ಲ ದಾಟುವತನಕ ಅವರ ಕಾಲ ಮುಂದೆ ಬೆಳಕು ಬಿಡಬೇಕೆಂಬುದು ಅವರೊಳಗಿನ ಕಟ್ಟಳೆಯಾಗಿತ್ತೆಂದು ಖಾಲಾ ಹೇಳಿಯೇ ತಿಳಿಯಿತು. ಇದನ್ನು ಹೇಳುವಾಗ ಅವರು ಗಂಡನ ಹೆಸರೆತ್ತಲಿಲ್ಲ, ನಾನೂ ಕೇಳಲಿಲ್ಲ.

ಒಂದು ಸಂಜೆ ಅವರ ಪಕ್ಕದಲ್ಲಿ ನಿಂತಿದ್ದೆ. ಕಾರ್ಖಾನೆಯ ಒಂಬತ್ತು ಹೆಂಗಸರು ಒಬ್ಬೊಬ್ಬರಾಗಿ ದಾಟಿ ಬಂದು, ಖಾಲಾ ಅವರನ್ನು ಮಾತಾಡಿಸಿ, ಊರ ಕಡೆ ನಡೆದರು. ಕೊನೆಯವಳು ಶಾಂತಮ್ಮ. “ಸಾಕ್ ಬಿಡು ಖಾಲಾ, ಎಲ್ಲಾರೂ ಬಂದ್ವಿ” ಎಂದಳು. ಖಾಲಾ ಹೂಂ ಎಂದರು, ಆದರೆ ಟಾರ್ಚು ಆರಿಸಲಿಲ್ಲ. ಖಾಲಿ ದಾರಿಯ ಮೇಲೆ ಬೆಳಕು ಹಾಗೇ ಬಿದ್ದಿತ್ತು. ಸೆಲ್ಲು ಸುಮ್ಮನೆ ಖರ್ಚಾಗುತ್ತದಲ್ಲ, ಇನ್ನು ಯಾರಿಗಾಗಿ ಎಂದು ಕೇಳಿದೆ.

“ಎಣಿಸಿದವ್ರು ಬಂದ್ರು ಮಾಸ್ತರ್” ಎಂದರು ಖಾಲಾ. “ನಾವು ಎಣಿಸದೇ ಇದ್ದವ್ರು ಇನ್ನ ಯಾರರೆ ಇರ್ಬಹುದಲ್ಲ.”

ನಾನು ಆ ದಾರಿಯನ್ನು ನೋಡಿದೆ. ಮಳೆ ಬಿಟ್ಟರೆ ಅಲ್ಲಿ ಏನೂ ಕಾಣಿಸಲಿಲ್ಲ. ಆದರೂ ಅವರು ತಾವಾಗಿ ಗುಂಡಿ ಒತ್ತಿ ಬೆಳಕು ಆರಿಸುವವರೆಗೂ ನಾನು ಮನೆಗೆ ಹೋಗೋಣವೆನ್ನಲಿಲ್ಲ.