ದೀಪದ ಸುತ್ತ ಬಳೆ ಕಂಡರೆ ಬಿಡದ ಗಾಜಕ್ಕ

ಬೆಳಕು ಹರಿಯುವ ಮುನ್ನವೇ ಬಸ್ ಡಿಪೋದ ಅಂಗಳದಲ್ಲಿ ಆಕೆ ಬಸ್ಸೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹೆಗಲ ಮೇಲೆ ಎರಡು ಬಟ್ಟೆ, ಒಂದು ಒದ್ದೆ, ಒಂದು ಒಣ. ಹೆಡ್‌ಲೈಟಿನ ಗಾಜು ಒರೆಸಿ, ಉಸಿರೂದಿ, ಮತ್ತೆ ಒರೆಸಿ, ದೀಪವನ್ನು ಡಿಮ್ ಮಾಡಿಸಿ ಡ್ರೈವರನ್ನು ಎದುರಿಗೆ ಕರೆಯುತ್ತಾರೆ. "ದೀಪದ ಸುತ್ತ ಬಳೆ ಥರ ಏನಾದ್ರೂ ಕಾಣ್ತಿದೆಯಾ ಅಣ್ಣ? ಇದ್ರೆ ಇದೆ ಅನ್ನಿ, ಮುಚ್ಚಿಡಬೇಡಿ." ಇಲ್ಲ ಎಂದ ಮೇಲೆಯೇ ಬಸ್ಸಿಗೆ ದಾರಿ.

ಡಿಪೋದಲ್ಲಿ ಎಲ್ಲರಿಗೂ ಆಕೆ ಗಾಜಕ್ಕ. ಗಂಡ ತೀರಿಕೊಂಡ ಮೇಲೆ ಬಸ್ ತೊಳೆಯುವ ಕೆಲಸಕ್ಕೆ ಸೇರಿದವರು, ಬರಬರುತ್ತಾ ಗಾಜು, ದೀಪಗಳಿಗೇ ಮೀಸಲಾದರು. ದಿನಕ್ಕೆ ಅರವತ್ತು ಬಸ್ಸು. ತಣ್ಣೀರಿಗೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಆದರೂ ತಾನು ಒರೆಸಿದ ಗಾಜನ್ನು ಯಾರಾದರೂ ಮಬ್ಬು ಎಂದರೆ ಆಕೆಗೆ ಮೈಯೆಲ್ಲ ಉರಿ.

ಆ ಉರಿಯೇ ಒಬ್ಬರ ಕಣ್ಣು ಉಳಿಸಿತು. ಮೀಸೆಯಣ್ಣ ಎಂದೇ ಎಲ್ಲರೂ ಕರೆಯುವ ಹಿರಿಯ ಡ್ರೈವರ್ ಒಂದು ನಸುಕಿನಲ್ಲಿ, "ಸರಿಯಾಗಿ ಒರೆಸಿಲ್ಲಮ್ಮ, ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣ್ತಿದೆ" ಎಂದರು. ಗಾಜಕ್ಕ ಮತ್ತೆ ಒರೆಸಿದರು. ಬಲ್ಬು ಬದಲಿಸಿದರು. ಕೊನೆಗೆ ಗಾಜನ್ನೇ ಬದಲಿಸಿದರು. ಬಳೆ ಜಪ್ಪಯ್ಯ ಅನ್ನಲಿಲ್ಲ.

"ನನಗೆ ತಲೆಕೆಟ್ಟುಹೋಯ್ತು. ಇದ್ದಬದ್ದ ಡ್ರೈವರ್‌ಗಳನ್ನೆಲ್ಲ ಕರೆದು ತೋರಿಸ್ದೆ. ಒಬ್ಬರಿಗೂ ಕಾಣ್ಲಿಲ್ಲ. ಈಗ ಹೇಳಿ, ತಪ್ಪು ಯಾರದು ಅಂತ ಜಗಳಕ್ಕೇ ನಿಂತೆ" ಎಂದು ಆಕೆ ಈಗ ನಗುತ್ತಾರೆ.

ಮೀಸೆಯಣ್ಣನಿಗೆ ಅಂದು ನಗು ಬರಲಿಲ್ಲ. ಕತ್ತಲಲ್ಲಿ ಬಳೆ ಕಾಣುವುದು, ಹುಬ್ಬಿನ ಮೇಲೆ ನೋಯುವುದು ಅವರಿಗೆ ಹೊಸದೇನಾಗಿರಲಿಲ್ಲ. ಹೇಳಿದರೆ ಸ್ಟೇರಿಂಗ್ ಕೈತಪ್ಪುತ್ತದೆಂಬ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡು, ದೋಷ ಗಾಜಿನದೇ ಆಗಿರಲಿ ಎಂದು ಆಸೆಪಟ್ಟಿದ್ದರು. ಈಗ ಎಲ್ಲವನ್ನೂ ಗಾಜಕ್ಕನ ಮುಂದೆ ಒಪ್ಪಿಕೊಂಡರು. "ಕಣ್ಣೇ ಹೋದ್ಮೇಲೆ ಸ್ಟೇರಿಂಗ್ ಇಟ್ಕೊಂಡು ಏನ್ಮಾಡ್ತೀರಿ?" ಎಂದ ಗಾಜಕ್ಕ, ಆಗಲೇ ಮ್ಯಾನೇಜರ್‌ಗೆ ಹೇಳಿ ಬಸ್ಸಿಗೆ ಬೇರೆಯವರನ್ನು ಹಾಕಿಸಿ, ಅವರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು.

ಕಣ್ಣೊಳಗಿನ ದ್ರವ ಹರಿದುಹೋಗುವ ದಾರಿ ಕಿರಿದಾಗಿ ಒತ್ತಡ ಆಗಾಗ ಏರುತ್ತಿತ್ತು. ಪುಣ್ಯಕ್ಕೆ ನರ ಕೆಟ್ಟಿರಲಿಲ್ಲ. ಲೇಸರ್ ಚಿಕಿತ್ಸೆಯಾಯಿತು. ಬಳೆ ಕಂಡವರಿಗೆಲ್ಲ ಇದೇ ಕಾಯಿಲೆಯಲ್ಲ, ಪೊರೆ ಬಂದರೂ ಕಣ್ಣು ಒಣಗಿದರೂ ಕಾಣಬಹುದು ಎನ್ನುತ್ತಾರೆ ಅಲ್ಲಿನ ವೈದ್ಯೆ. ಜೊತೆಗೆ ನೋವು, ಕೆಂಪು, ಮಸುಕು ಇದ್ದರೆ ಮಾತ್ರ ಅಂದೇ ತೋರಿಸಬೇಕು. ಈ ಒತ್ತಡಕ್ಕೆ ಸಿಕ್ಕಿ ಹೋದ ದೃಷ್ಟಿ ಮರಳುವುದಿಲ್ಲ.

"ಅದೆಲ್ಲ ಡಾಕ್ಟರಮ್ಮನಿಗೆ ಬಿಟ್ಟಿದ್ದು. ನನಗೆ ಗೊತ್ತಿರೋದು ನನ್ನ ಗಾಜು ಚೊಕ್ಕವಾಗಿದೆ ಅನ್ನೋದಷ್ಟೇ" ಎನ್ನುತ್ತಾರೆ ಗಾಜಕ್ಕ.

ವೈದ್ಯೆಯ ಒಪ್ಪಿಗೆ ಪಡೆದು ಮೀಸೆಯಣ್ಣ ಮತ್ತೆ ಸ್ಟೇರಿಂಗ್ ಹಿಡಿದಿದ್ದಾರೆ. ಇಂಥವರು ಡಿಪೋಗೊಬ್ಬರು ಇರಬಾರದೇ ಎಂದು ನನಗನ್ನಿಸುತ್ತದೆ. ಆಕೆಗೆ ಹೊಗಳಿಕೆ ಬೇಕಿಲ್ಲ. ಬಟ್ಟೆ ಹಿಂಡುತ್ತಾ ಹೇಳುತ್ತಾರೆ: "ಮೊನ್ನೆ ನನ್ನ ಮಗಳು ಮೊದಲನೇ ಸಲ ಕೆಲಸಕ್ಕೆ ಹೊರಟ್ಳು. ಯಾವ ಬಸ್ಸು ಹತ್ತಲಿ ಅಮ್ಮ ಅಂದ್ಳು. ಮೀಸೆಯಣ್ಣನ ಬಸ್ಸನ್ನೇ ಹತ್ತು ಅಂದೆ. ಆ ದೀಪಾನೂ ನಾನು ಬಲ್ಲೆ, ಆ ಕಣ್ಣೂ ಬಲ್ಲೆ."