ಹಾಡು ಶುರುವಾದರೆ ನಿಲ್ಲುತ್ತಿದ್ದ ಕಂಪ್ಯೂಟರು

ಎದುರು ಮನೆಯವರು ಗೋಡೆಗೆ ಹಸಿರು ಬಣ್ಣ ಹೊಡೆಸುತ್ತಿದ್ದಾರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದವನು ಅದನ್ನು ಕಂಡು ಬೆಚ್ಚಿಬಿದ್ದೆ. ಬಣ್ಣ ಚೆನ್ನಾಗಿಯೇ ಇದೆ, ತಪ್ಪು ಅದರದ್ದಲ್ಲ. ಅಷ್ಟಗಲದ ಹಸಿರನ್ನು ಒಟ್ಟಿಗೆ ಕಂಡರೆ ನನ್ನ ಬೆರಳು ತಾನಾಗಿಯೇ ಪವರ್ ಬಟನ್ ಹುಡುಕುತ್ತದೆ. ಯಾಕೆಂದು ಹೇಳುತ್ತೇನೆ, ನೀವು ನಗಬಾರದು. ನಕ್ಕರೂ ನನ್ನ ಹೆಂಡತಿಗೆ ಕೇಳಿಸದ ಹಾಗೆ ನಗಬೇಕು.

ಹೊಸದೇನಿದ್ದರೂ ಎಲ್ಲರಿಗಿಂತ ಮೊದಲು ನೋಡಿಬಿಡಬೇಕೆಂಬ ಚಪಲ ನನಗೆ ಮೊದಲಿನಿಂದಲೂ ಉಂಟು. ನಮ್ಮ ಕಡೆಗೆ ಮೆಟ್ರೋ ಬಂದ ಹೊಸದರಲ್ಲಿ ಯಶವಂತಪುರದಲ್ಲಿ ಹತ್ತಿ, ಎಲ್ಲಿಗೂ ಹೋಗಬೇಕಾದ ಕೆಲಸವಿಲ್ಲದಿದ್ದರೂ, ನಿಂತುಕೊಂಡೇ ಹೋಗಿ ನಿಂತುಕೊಂಡೇ ವಾಪಸ್ ಬಂದವನು ನಾನು. ಇಂಥವನಿಗೆ, ಕಂಪ್ಯೂಟರಿನ ಮುಂದಿನ ಆಪರೇಟಿಂಗ್ ಸಿಸ್ಟಮ್ ಇನ್ನೂ ತಯಾರಾಗುತ್ತಿರುವಾಗಲೇ ಬೇಕಾದವರು ಹಾಕಿಕೊಂಡು ನೋಡಬಹುದು ಎಂದು ತಿಳಿದರೆ ಸುಮ್ಮನಿರುವುದು ಹೇಗೆ? ಅದಕ್ಕೆ ‘ಪ್ರಿವ್ಯೂ’ ಎಂದು ಹೆಸರು. ಮದುವೆ ಮನೆಯ ಸಾರು ಇನ್ನೂ ಕುದಿಯುತ್ತಿರುವಾಗಲೇ ಅಡುಗೆಮನೆಗೆ ನುಗ್ಗಿ ಅಂಗೈಗೆ ಹಾಕಿಸಿಕೊಂಡು ನೆಕ್ಕುವ ಥರದ ಸುಖ. ‘ದಿನಬಳಕೆಯ ಕಂಪ್ಯೂಟರಿಗೆ ಇದನ್ನು ಹಾಕಬೇಡಿ’ ಎಂಬ ಎಚ್ಚರಿಕೆಯೂ ಇತ್ತು. ನಮ್ಮಲ್ಲಿದ್ದದ್ದು ಒಂದೇ ಕಂಪ್ಯೂಟರು. ಆದರೆ ಹಬ್ಬದ ದಿನಗಳಲ್ಲಿ ಅದಕ್ಕೆ ಬಟ್ಟೆ ಹೊದಿಸಿ ಇಡುತ್ತಿದ್ದೆವಲ್ಲ, ಹಾಗಾಗಿ ಅದು ದಿನಬಳಕೆಯದ್ದಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಅದೇ ಹೊತ್ತಿಗೆ ನನ್ನ ಹೆಂಡತಿ ಸುಮಿತ್ರಾಳ ಅಕ್ಕನ ಮಗಳು ಮಾನಸಳಿಗೆ ಮದುವೆ ಗೊತ್ತಾಗಿತ್ತು. ಹೆಣ್ಣನ್ನು ಹಸೆಗೆ ಕರೆಯುವಾಗ ಹೇಳುವ ಹಾಡೊಂದು ಅವರ ಮನೆತನದಲ್ಲಿ ಬಂದಿದೆ. ಅದು ಪೂರ್ತಿ ಬರುತ್ತಿದ್ದದ್ದು ಸುಮಿತ್ರಾಗೆ ಮಾತ್ರ. ಮೈಸೂರಿನಲ್ಲಿದ್ದ ಅಕ್ಕನಿಗೆ ಸಂಜೆ ಹೊತ್ತು ವಿಡಿಯೋ ಕಾಲ್‌ನಲ್ಲಿ ಅದನ್ನು ಕಲಿಸುತ್ತಿದ್ದಳು. “ಫೋನಲ್ಲಿ ನೀನು ಹಾಡಿದ್ರೂ ಕೆಮ್ಮಿದ್ರೂ ಒಂದೇ ಥರ ಕೇಳ್ಸುತ್ತೆ ಕಣೇ” ಎಂದು ಅಕ್ಕ ತಕರಾರು ತೆಗೆದಿದ್ದರಿಂದ, ಕಂಪ್ಯೂಟರಿಗೇ ಒಳ್ಳೆಯ ಮೈಕೊಂದನ್ನು ಸಿಕ್ಕಿಸಿದ್ದೆವು.

ಪ್ರಿವ್ಯೂ ಹಾಕಿದ ಮಾರನೆಯ ಸಂಜೆ ಅಕ್ಕತಂಗಿಯರು ಕೂತರು. ಸೀರೆಯ ಅಂಚಿನ ವಿಷಯ ಬಂತು, ಅಡುಗೆಯವರ ವಿಷಯ ಬಂತು, ಕರೆಯದಿದ್ದರೆ ಮುನಿಸಿಕೊಳ್ಳುವ ಸೋದರತ್ತೆಯ ವಿಷಯ ಬಂತು. ಕಂಪ್ಯೂಟರು ಎಲ್ಲವನ್ನೂ ತಾಳ್ಮೆಯಿಂದ ಕೇಳಿತು. ಆಮೇಲೆ ಸುಮಿತ್ರಾ ಗಂಟಲು ಸರಿಮಾಡಿಕೊಂಡು ಹಾಡಿನ ಮೊದಲ ಸಾಲು ಎತ್ತಿದಳು. ಪರದೆಯೆಲ್ಲ ಹಸಿರಾಯಿತು. ಸಾಮಾನ್ಯ ಕಂಪ್ಯೂಟರುಗಳು ಕೆಟ್ಟುನಿಂತರೆ ಬರುವುದು ನೀಲಿ. ಪ್ರಿವ್ಯೂ ಹಾಕಿಕೊಂಡ ನನ್ನಂಥವರಿಗೆ ಹಸಿರು. ಅದರ ನಡುವೆ ಅಳುಮೋರೆಯ ಗುರುತೊಂದು, ಕೆಳಗೆ ‘ತೊಂದರೆಯಾಗಿದೆ’ ಎಂಬ ಒಕ್ಕಣೆ.

ಕಂಪ್ಯೂಟರನ್ನು ಮತ್ತೆ ಆನ್ ಮಾಡಿದೆವು. ಮಾತಾಡುವಷ್ಟು ಹೊತ್ತು ಏನೂ ಆಗಲಿಲ್ಲ. ಹಾಡು ಎತ್ತಿದರೆ ಹಸಿರು, ಅಳುಮೋರೆ. ಮರುದಿನವೂ ಅದೇ. ನಾನು ಮುಖ ಬಿಗಿಹಿಡಿದುಕೊಂಡು ಕೀಬೋರ್ಡಿನ ಧೂಳು ಊದುತ್ತಿದ್ದೆ.

ನಾನು ಆಡದೆ ಉಳಿಸಿದ್ದ ಮಾತನ್ನು ಆಡಿದವರು ಮುನಿಯಪ್ಪನವರು. ಸಂಜಯನಗರದ ಈ ಮನೆಯ ಓನರ್ ಅವರು, ವಾಸ ಕೆಳಗಿನ ಮನೆಯಲ್ಲಿ. ಒಂದು ಕಾಲಕ್ಕೆ ಪುಟ್ಟೇನಹಳ್ಳಿಯಲ್ಲಿ ಹೊಲ, ದನ ಎಲ್ಲ ಇಟ್ಟುಕೊಂಡಿದ್ದವರು. ನೀರಿನ ಮೋಟರಿನ ವಿಷಯ ಮಾತಾಡಲು ಮೇಲೆ ಬಂದವರು ಹಾಲ್‌ನಲ್ಲಿ ನಿಂತು ನಮ್ಮ ಪಾಡು ನೋಡಿದರು.

“ಇದ್ಯಾಕ್ ಸಾಮಿ ಇಂಗೆ? ಮಾತಾಡೋಗಂಟ ಸುಮ್ಕಿರ್ತದೆ. ಅಮ್ಮಾರು ಆಡಕ್ ಶುರು ಮಾಡಿದ್ರೆ ಮಕ ಸಪ್ಪಗ್ ಮಾಡ್ಕಂಡು ಒಂಟೋಯ್ತದಲ್ಲ!”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದರಿಂದಲೇ ಅದು ಇನ್ನೂ ಜೋರಾಗಿ ತಗುಲಿತು. ಸುಮಿತ್ರಾ ಎದ್ದು ಅಡುಗೆಮನೆಗೆ ಹೋದಳು. ಅಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. “ಹಾಡೋಕೆ ಬೇರೆ ಯಾರನ್ನಾದ್ರೂ ಕರ್ಸಕ್ಕಾ. ನಂಗೆ ಆಗಲ್ಲ.”

ದೋಸೆ ಹುಯ್ಯುವಾಗಲೂ ಬಟ್ಟೆ ಮಡಿಸುವಾಗಲೂ ಏನಾದರೊಂದು ಗುನುಗುತ್ತಿದ್ದವಳು ಬಾಯಿ ಮುಚ್ಚಿದಳು. ಕುಕ್ಕರ್ ಕೂಗಿದರೆ ಮನೆಯೆಲ್ಲ ಬೆಚ್ಚಿಬೀಳುವಷ್ಟು ಮೌನ. ಅಮೆರಿಕದಲ್ಲೋ ಇನ್ನೆಲ್ಲೋ ಕೂತು ಯಾರೋ ಅರ್ಧ ಬರೆದಿಟ್ಟ ಸಾಫ್ಟ್‌ವೇರು ನಮ್ಮ ಮನೆಯ ಹಾಡು ನಿಲ್ಲಿಸುವುದೆಂದರೇನು? ನನಗೆ ಹಟ ಹತ್ತಿತು.

ಪ್ರಿಂಟರ್ ಕಳಚಿದೆ. ಮೌಸ್ ಬದಲಾಯಿಸಿದೆ. ಒಳಗಿನ ಧೂಳನ್ನು ಪೇಂಟಿಂಗ್ ಬ್ರಷ್ಷಿನಿಂದ ಗುಡಿಸಿದೆ. ಬಿಸಿಯಾಗಿ ನಿಲ್ಲುತ್ತಿರಬಹುದೆಂದು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ ನಾವು ಬೆವರಿದೆವು. ಯಾರೂ ನೋಡದಾಗ ಅದನ್ನು ಪೂರ್ವಕ್ಕೆ ಮುಖ ಮಾಡಿಯೂ ಕೂರಿಸಿದೆ. ಕೊನೆಗೆ ಆರ್.ಟಿ. ನಗರದ ರಿಪೇರಿ ಅಂಗಡಿಗೆ ಹೋದರೆ ಅಂಗಡಿಯವನು ಕೇಳಿದ್ದು ಇಷ್ಟೇ:

“ಪ್ರಿವ್ಯೂ ಯಾಕ್ ಸಾರ್ ಹಾಕ್ಕೊಂಡ್ರಿ?”

“ಹೆಂಗಿದೆ ನೋಡೋಣ ಅಂತ.”

“ನೋಡಿದ್ರಲ್ಲ, ಬಿಡಿ” ಎಂದು ಮುಂದಿನ ಗಿರಾಕಿಯತ್ತ ತಿರುಗಿದ.

ಮನೆಗೆ ಬಂದು ಯೋಚಿಸುತ್ತ ಕೂತಾಗ ಸುಮಿತ್ರಾಳ ಕೈ ಕಣ್ಣಮುಂದೆ ಬಂತು. ಹಾಡುವ ಮುನ್ನ ಅವಳು ಪರದೆಯ ಮೇಲೆ ‘ಸಂಗೀತ’ ಎಂಬ ಗುಂಡಿಯೊಂದನ್ನು ಒತ್ತುತ್ತಿದ್ದಳು. ಅದನ್ನು ಒತ್ತದಿದ್ದರೆ ಉದ್ದನೆಯ ಸ್ವರಗಳನ್ನೆಲ್ಲ ವಿಡಿಯೋ ಕಾಲ್ ಬರೀ ಗದ್ದಲವೆಂದು ತಿಳಿದು ಅಳಿಸಿಹಾಕುತ್ತಿತ್ತು. ಹಾಗಾದರೆ ಕಂಪ್ಯೂಟರಿಗೆ ಆಗದಿರುವುದು ಹಾಡೋ, ಗುಂಡಿಯೋ?

ಭಾನುವಾರ ಮಧ್ಯಾಹ್ನ ಮುನಿಯಪ್ಪನವರನ್ನು ಕರೆದೆ. ಪರದೆಯಲ್ಲಿ ಅಕ್ಕ ಕೂತಿದ್ದರು. ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲಿ, ನಮಗೂ ತನಗೂ ಸಂಬಂಧವಿಲ್ಲದವಳಂತೆ ನಿಂತಿದ್ದಳು. ನಾನು ‘ಸಂಗೀತ’ ಒತ್ತಿ, “ಒಂದು ಹಾಡು ಹೇಳಿ” ಎಂದು ಮೈಕು ಮುಂದೆ ಹಿಡಿದೆ.

“ಆಡಕ್ ನಂಗ್ ಬರಕಿಲ್ಲ ಸಾಮಿ. ದನ ಕರಿಯಕ್ ಬತ್ತದೆ.”

ಕರೆದರು. ಕೆರೆಯ ಆ ದಡದಲ್ಲಿ ಮೇಯುವ ಹಸು ಈ ದಡಕ್ಕೆ ಓಡಿಬರಬೇಕು, ಅಂಥ ಕೂಗು. ಕಿಟಕಿಯ ಪಾರಿವಾಳಗಳು ಹಾರಿದವು. ಪರದೆ ಹಸಿರಾಯಿತು. ಅಳುಮೋರೆ!

“ನೋಡಿದ್ಯಾ?” ಎಂದು ನಾನು ಗೆದ್ದವನಂತೆ ತಿರುಗಿದೆ.

“ಏನ್ ನೋಡೋದ್ರೀ? ನಮ್ಮಿಬ್ರಿಗೂ ಕಂಠ ಇಲ್ಲ ಅಂತಾಯ್ತು, ಅಷ್ಟೆ” ಎಂದಳು ಸುಮಿತ್ರಾ.

ಮೊಬೈಲ್ ಬಡಿದುಕೊಂಡಿತು. ಮೈಸೂರಿನಿಂದ ಅಕ್ಕ. “ಸುಮೀ, ಅದೇನೇ ಅದು? ಯಾರಿಗೇನಾಯ್ತೇ?”

ಅವರನ್ನು ಸಮಾಧಾನ ಮಾಡಿ ಮತ್ತೆ ಪರದೆಗೆ ಕರೆತಂದೆ. ಈ ಸಲ ಯಾರೂ ಉಸಿರೆತ್ತಬಾರದೆಂದು ಅಪ್ಪಣೆ ಮಾಡಿದೆ. ಸುಮಿತ್ರಾಳನ್ನೂ ಎಳೆದು ತಂದು ಕೂರಿಸಿದೆ. ಮುನಿಯಪ್ಪನವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕ ಅತ್ತ ತುಟಿಯ ಮೇಲೆ ಬೆರಳಿಟ್ಟುಕೊಂಡರು. ವಯಸ್ಸಾದ ನಾಲ್ಕು ಜನ, ಕ್ಲಾಸಿನಲ್ಲಿ ಮಾತಾಡಿ ಸಿಕ್ಕಿಬಿದ್ದ ಮಕ್ಕಳಂತೆ ಕೂತಿದ್ದೆವು. ನಾನು ‘ಸಂಗೀತ’ ಒತ್ತಿದೆ.

ಹತ್ತು ಎಣಿಸುವಷ್ಟರಲ್ಲಿ, ಬೆರಳಿಟ್ಟುಕೊಂಡ ಅಕ್ಕನನ್ನು ಹಸಿರು ನುಂಗಿತು.

“ಸುಮ್ನಿದ್ರೂ ಸಾಯುತ್ತಲ್ರೀ ಇದು!” ಎಂದು ಸುಮಿತ್ರಾ ಚಪ್ಪಾಳೆ ತಟ್ಟಿ ನಕ್ಕಳು. ಆ ನಗು ಕೇಳಿ ಎಷ್ಟೋ ದಿನಗಳಾಗಿದ್ದವು. ಮುನಿಯಪ್ಪನವರು ಟವೆಲ್ ತೆಗೆದು, “ಅಂಗಾರೆ ಅಮ್ಮಾರ್ದೇನೂ ತೆಪ್ಪಿಲ್ಲ ಬುಡಿ” ಎಂದು ತೀರ್ಪಿತ್ತರು.

ಮಿಕ್ಕಿದ್ದು ಸುಲಭ. ಮೈಕಿನ ಜೊತೆ ಬಂದಿದ್ದ ಹಳೆಯ ಡ್ರೈವರ್, ಅಂದರೆ ಮೈಕು ಹೇಳಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸಾಫ್ಟ್‌ವೇರು, ಹೊಸ ಸಿಸ್ಟಮ್ಮಿಗೆ ಹೊಂದುತ್ತಿರಲಿಲ್ಲ. ಮಾತಿನ ಮಟ್ಟಿಗೆ ಹೇಗೋ ಸಂಭಾಳಿಸುತ್ತಿತ್ತು, ‘ಸಂಗೀತ’ ಒತ್ತಿದರೆ ಹತ್ತು ಎಣಿಸುವಷ್ಟರಲ್ಲಿ ಮುಗ್ಗರಿಸುತ್ತಿತ್ತು. ಅದನ್ನು ಕಿತ್ತುಹಾಕಿ, ಸಿಸ್ಟಮ್ಮಿನಲ್ಲೇ ಇದ್ದ ಡ್ರೈವರಿಗೆ ಮೈಕನ್ನು ಒಪ್ಪಿಸಿದೆ. ಅಂದು ಸಂಜೆ ಸುಮಿತ್ರಾ ಹಾಡನ್ನು ಕೊನೆಯವರೆಗೆ ಹಾಡಿದಳು. ಮುಗಿದ ಮೇಲೆ ಅಕ್ಕ, “ಎರಡ್ನೇ ಚರಣದಲ್ಲಿ ಶ್ರುತಿ ಸ್ವಲ್ಪ ಇಳೀತು ಕಣೇ” ಎಂದರು. ಮನುಷ್ಯರೇ ತಪ್ಪು ಹಿಡಿದರಲ್ಲ ಎಂದು ಸುಮಿತ್ರಾಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಇದೀಗ, ನಾನು ಬಾಲ್ಕನಿಯಲ್ಲಿ ನಿಂತು ಇಷ್ಟೆಲ್ಲ ಹೇಳುತ್ತಿರುವಾಗಲೇ, ಒಳಗೆ ಮಾನಸಳ ಕಾಲ್ ಬಂದಿದೆ. ಅವಳ ನಾದಿನಿಗೆ ಮದುವೆಯಂತೆ, ಆ ಹಾಡು ಬೇಕಂತೆ. “ಚಿಕ್ಕಪ್ಪ, ನೀವೂ ಬನ್ನಿ, ಹೇಳಿ” ಎಂದು ಕರೆದಳು. ಹೋಗಿ ಮೊದಲ ಸಾಲು ಎತ್ತಿದೆ. ಚಾಚೂ ತಪ್ಪದೆ ಬಂತು.

“ವಾವ್ ಚಿಕ್ಕಪ್ಪ! ಮುಂದೆ?”

“ಮುಂದೆ ಗೊತ್ತಿಲ್ಲಮ್ಮ. ನಾನು ಅಭ್ಯಾಸ ಮಾಡಿದ ಕಾಲದಲ್ಲಿ ಹಾಡು ಇಷ್ಟೇ ಇತ್ತು.”

ಸುಮಿತ್ರಾ ನಕ್ಕು ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ಕೂತ್ಕೊಳ್ರೀ, ಮುಂದಿನ ಸಾಲು ನಾನು ಹೇಳ್ಕೊಡ್ತೀನಿ.” ಕೂತೆ. ಅವಳ ಹಿಂದೆಯೇ ಒಂದೊಂದು ಸಾಲಾಗಿ ಹೇಳುತ್ತ ಹೋದೆ. ಕಂಪ್ಯೂಟರು ತುಟಿಪಿಟಕ್ಕೆನ್ನಲಿಲ್ಲ. ಎರಡನೆಯ ಚರಣದಲ್ಲಿ ನಾನು ಸ್ವರ ಏರಿಸಿದಾಗ, ಸುಮಿತ್ರಾಳೇ ಮೆಲ್ಲನೆ ಕೈ ಚಾಚಿ ಮೈಕು ಆಫ್ ಮಾಡಿದಳು.